ದುಡಿದ ವರ್ಷಗಳ ಋಣ

ಅಮೆರಿಕದ ಬಾಸ್ಕೆಟ್‌ಬಾಲ್ ನಮ್ಮ ಮನೆಗಳಲ್ಲಿ ಅಷ್ಟಾಗಿ ಮಾತಿಗೆ ಬರುವ ವಿಷಯವಲ್ಲ. ಆದರೂ ಪ್ರಿಯ ಓದುಗರೇ, ಅಲ್ಲಿ ಮತ್ತೆ ಮತ್ತೆ ಏಳುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಒಬ್ಬ ಆಟಗಾರ ತನ್ನ ಯೌವನವನ್ನೆಲ್ಲ ಒಂದೇ ತಂಡಕ್ಕಾಗಿ ಸವೆಸಿದ್ದಾನೆ. ತಂಡ ಸೋಲುತ್ತಿದ್ದ ವರ್ಷಗಳಲ್ಲೂ ಬಿಟ್ಟು ಹೋಗಿಲ್ಲ. ಈಗ ಅವನ ಮೊಣಕಾಲು ಸೋಲುತ್ತಿದೆ. ಬೇರೆಯವರ ಕಣ್ಣಿನಲ್ಲಿ ಅವನಿಗೆ ಇನ್ನೂ ಸ್ವಲ್ಪ ಬೆಲೆಯಿದೆ; ಎರಡು ವರ್ಷ ಕಳೆದರೆ ಅದೂ ಇರದು. ತಂಡವು ಅವನನ್ನು ಈಗಲೇ ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಯುವಕರನ್ನು ಪಡೆಯುವುದು ಸರಿಯೇ?

ಅಲ್ಲಿನ ಪದ್ಧತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಎನ್‌ಬಿಎ ಎಂಬ ಆ ಕೂಟದಲ್ಲಿ ಒಂದು ತಂಡವು ತನ್ನ ಆಟಗಾರನನ್ನು ಅವನ ಒಪ್ಪಂದದ ಸಮೇತ ಇನ್ನೊಂದು ತಂಡಕ್ಕೆ ವರ್ಗಾಯಿಸಬಹುದು. ಬದಲಿಗೆ ಬೇರೆ ಆಟಗಾರರನ್ನೋ, ಮುಂದಿನ ವರ್ಷಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಹಕ್ಕನ್ನೋ ಪಡೆಯುತ್ತದೆ. ಇದಕ್ಕೆ ಟ್ರೇಡ್ ಎನ್ನುತ್ತಾರೆ. ಸಾಮಾನ್ಯವಾಗಿ ಆಟಗಾರನ ಒಪ್ಪಿಗೆ ಬೇಕಾಗಿಲ್ಲ. ರಾತ್ರಿ ಒಂದು ಊರಿನವನಾಗಿ ಮಲಗಿದವನು ಬೆಳಿಗ್ಗೆ ಇನ್ನೊಂದು ಊರಿನವನಾಗಿ ಏಳಬಹುದು.

ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಈ ಪ್ರಶ್ನೆ ಎರಡು ಬಾರಿ ಎದ್ದಿತು, ಎರಡು ಬೇರೆ ಬೇರೆ ಉತ್ತರ ಪಡೆಯಿತು. 1980ರ ದಶಕದ ಕೊನೆಯಲ್ಲಿ ಆ ತಂಡದ ಲ್ಯಾರಿ ಬರ್ಡ್ ಮತ್ತು ಕೆವಿನ್ ಮೆಕ್‌ಹೇಲ್ ಇಬ್ಬರ ದೇಹವೂ ದಣಿಯುತ್ತಿತ್ತು. ಅವರ ಜೊತೆಗಾರ ಡ್ಯಾನಿ ಏಂಜ್, ಬೆಲೆ ಇರುವಾಗಲೇ ಇಬ್ಬರನ್ನೂ ಬೇರೆ ತಂಡಕ್ಕೆ ಕೊಟ್ಟುಬಿಡಬೇಕೆಂದು ತಂಡದ ಹಿರಿಯ ರೆಡ್ ಔರ್‌ಬ್ಯಾಕ್‌ರಿಗೆ ಹೇಳಿದ್ದನಂತೆ; ಇದನ್ನು ಏಂಜ್ ತಾನೇ ಹೇಳಿಕೊಂಡಿದ್ದಾನೆ. ಔರ್‌ಬ್ಯಾಕ್ ಒಪ್ಪಲಿಲ್ಲ. ವಿಧಿಯ ವಿಚಿತ್ರ ನೋಡಿ, 1989ರಲ್ಲಿ ಟ್ರೇಡ್ ಆದವನು ಏಂಜ್! ಬರ್ಡ್ 1992ರಲ್ಲಿ, ಮೆಕ್‌ಹೇಲ್ 1993ರಲ್ಲಿ ಬಾಸ್ಟನ್ನಿನ ಅಂಗಿಯಲ್ಲೇ ನಿವೃತ್ತರಾದರು. ತಂಡಕ್ಕೆ ಅವರ ಬದಲಿಗೆ ಏನೂ ದಕ್ಕಲಿಲ್ಲ. 1986ರಲ್ಲಿ ಗೆದ್ದಿದ್ದ ಪ್ರಶಸ್ತಿ ಮತ್ತೆ ಬಂದದ್ದು 2008ರಲ್ಲಿ. ನಡುವೆ ಇಬ್ಬರು ಎಳೆಯ ಆಟಗಾರರ ಅಕಾಲ ಮರಣವೂ ಆ ತಂಡವನ್ನು ಕುಗ್ಗಿಸಿತ್ತು ಎಂಬುದನ್ನು ಮರೆಯಬಾರದು. ಎಲ್ಲ ಹೊರೆಯನ್ನೂ ಔರ್‌ಬ್ಯಾಕ್‌ರ ನಿಷ್ಠೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

2008ರಲ್ಲಿ ಪ್ರಶಸ್ತಿ ತಂದವರಲ್ಲಿ ಮುಖ್ಯನಾದವನು ಪಾಲ್ ಪಿಯರ್ಸ್. 1998ರಿಂದ ಬಾಸ್ಟನ್ನಿನಲ್ಲೇ ಆಡುತ್ತಿದ್ದವನು. 2000ದಲ್ಲಿ ಒಂದು ಕ್ಲಬ್ಬಿನಲ್ಲಿ ಅವನಿಗೆ ಹನ್ನೊಂದು ಬಾರಿ ಚಾಕುವಿನಿಂದ ಇರಿಯಲಾಗಿತ್ತು. ಅದಾಗಿ ಕೆಲವೇ ವಾರಗಳಲ್ಲಿ ಆಟಕ್ಕಿಳಿದು ಆ ವರ್ಷದ 82 ಪಂದ್ಯಗಳನ್ನೂ ಆಡಿದ. ಇಂಥವನನ್ನು 2013ರಲ್ಲಿ, ಅವನಿಗೆ 35 ವಯಸ್ಸಾದಾಗ, 37ರ ಕೆವಿನ್ ಗಾರ್ನೆಟ್ ಜೊತೆಗೆ ಬ್ರೂಕ್ಲಿನ್ ತಂಡಕ್ಕೆ ಕೊಡಲಾಯಿತು. ಕೊಟ್ಟವನು ಅದೇ ಡ್ಯಾನಿ ಏಂಜ್. ಆಗ ಅವನು ಬಾಸ್ಟನ್ನಿನ ಆಡಳಿತದ ಹೊಣೆ ಹೊತ್ತಿದ್ದ. ಬದಲಿಗೆ ಸಿಕ್ಕಿದ ಆಯ್ಕೆಯ ಹಕ್ಕುಗಳಿಂದ ಜೇಲೆನ್ ಬ್ರೌನ್ ಮತ್ತು ಜೇಸನ್ ಟೇಟಮ್ ಎಂಬ ಯುವಕರು ಬಂದರು. 2024ರಲ್ಲಿ ಅವರೇ ಬಾಸ್ಟನ್ನಿಗೆ ಪ್ರಶಸ್ತಿ ತಂದರು.

ಹಾಗಾದರೆ ಲೆಕ್ಕ ಮುಗಿಯಿತೇ? ಲಾಭ ಬಂದುದರಿಂದ ಮಾಡಿದ್ದು ಸರಿಯಾಯಿತೇ? ನಾನು ಹಾಗೆ ಹೇಳಲಾರೆ. ಆ ಇಬ್ಬರು ಯುವಕರು ಸಾಧಾರಣರಾಗಿದ್ದರೆ ಅದೇ ಕೆಲಸ ತಪ್ಪಾಗುತ್ತಿತ್ತೇ? ಒಂದು ಕೃತ್ಯದ ಒಳಿತು ಕೆಡುಕು ಹನ್ನೊಂದು ವರ್ಷಗಳ ನಂತರ ಸಿಕ್ಕ ಬಹುಮಾನದಿಂದ ತೀರ್ಮಾನವಾಗುವುದಾದರೆ ಆತ್ಮಸಾಕ್ಷಿಗೆ ಕೆಲಸವೇ ಇರುವುದಿಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಕೇಳೋಣ. ತಂಡವನ್ನು ನಡೆಸುವವನಿಗೆ ಅದು ಒಂದು ಅಮಾನತ್. ಅವನು ಒಬ್ಬನಿಗಷ್ಟೇ ಹೊಣೆಗಾರನಲ್ಲ. ಉಳಿದ ಆಟಗಾರರಿಗೂ ದುಡ್ಡು ಕೊಟ್ಟು ಬಂದು ಕೂರುವ ಜನರಿಗೂ ಹೊಣೆಗಾರ. ಅಲ್ಲಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿಯೂ ಇದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇತರರನ್ನು ತರಲು ಉಳಿಯುವುದು ಕಡಿಮೆ. ಲಾಸ್ ಏಂಜಲೀಸ್ ಲೇಕರ್ಸ್ ತಂಡವು 2013ರಲ್ಲಿ, ಹಿಮ್ಮಡಿಯ ನರ ಹರಿದುಕೊಂಡಿದ್ದ ಕೋಬಿ ಬ್ರಯಂಟ್‌ಗೆ ಎರಡು ವರ್ಷಕ್ಕೆ 4 ಕೋಟಿ 85 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡಿತು. ಅದು ಕೃತಜ್ಞತೆಯೇ, ಸಂಶಯವಿಲ್ಲ. ಆದರೆ ಅವನ ಕೊನೆಯ ವರ್ಷ ತಂಡ ಗೆದ್ದದ್ದು 17 ಪಂದ್ಯ, ಸೋತದ್ದು 65. ನಾವು ತೋರುವ ಔದಾರ್ಯದ ಬೆಲೆಯನ್ನು ಬೇರೆಯವರು ತೆರಬೇಕಾದಾಗ ಅದನ್ನು ಔದಾರ್ಯ ಎನ್ನಲು ಸ್ವಲ್ಪ ಹಿಂಜರಿಯಬೇಕಾಗುತ್ತದೆ.

ಆದ್ದರಿಂದ ಕಳುಹಿಸುವುದೇ ದ್ರೋಹವೆಂದು ನಾನು ಹೇಳುವುದಿಲ್ಲ. ನನ್ನನ್ನು ಕಾಡುವುದು ಬೇರೆ. 2010ರಲ್ಲಿ ಲೆಬ್ರಾನ್ ಜೇಮ್ಸ್ ಎಂಬ ಆಟಗಾರ ತನ್ನ ಒಪ್ಪಂದದ ನಿಯಮಕ್ಕೆ ತಕ್ಕಂತೆಯೇ ಕ್ಲೀವ್‌ಲ್ಯಾಂಡ್ ತಂಡವನ್ನು ಬಿಟ್ಟ. ಜನ ಅವನ ಹೆಸರಿನ ಅಂಗಿಗಳನ್ನು ಸುಟ್ಟರು. ತಂಡದ ಮಾಲಕನು ಬಹಿರಂಗ ಪತ್ರ ಬರೆದು ಅದನ್ನು ವಿಶ್ವಾಸಘಾತ ಎಂದು ಕರೆದ. ತಂಡವೇ ಆಟಗಾರನನ್ನು ಬಿಟ್ಟಾಗ ಮಾತ್ರ ಅದು ವ್ಯವಹಾರ! ನಿಷ್ಠೆ ಎಂಬ ಮಾತನ್ನು ಬಲಹೀನನ ಕಡೆಗೆ ಮಾತ್ರ ಬೆರಳು ತೋರಿಸಲು ಬಳಸಿದರೆ ಅದು ನಿಷ್ಠೆಯಲ್ಲ, ಹಿಡಿತ.

ಕೋಟ್ಯಧೀಶರ ಬಗ್ಗೆ ಇಷ್ಟೊಂದು ಮರುಕವೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅವರಾರೂ ಹಸಿದಿಲ್ಲ. ಆದರೆ ಕೂಲಿ ಪೂರ್ತಿ ಕೊಟ್ಟ ಮೇಲೂ ಉಳಿಯುವ ಒಂದು ಋಣವಿದೆ. ಖಲೀಫಾ ಉಮರ್(ರ)ರು ಭಿಕ್ಷೆ ಬೇಡುತ್ತಿದ್ದ ಒಬ್ಬ ಅಂಧ ಯಹೂದಿ ವೃದ್ಧನನ್ನು ಕಂಡ ಘಟನೆ ಇಮಾಂ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್‌ನಲ್ಲಿದೆ. ಅವನ ಯೌವನದ ಫಲವನ್ನು ಉಂಡು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಉಮರ್(ರ) ಅವನಿಂದ ತೆರಿಗೆ ಪಡೆಯುವುದನ್ನು ನಿಲ್ಲಿಸಿ ಬೈತುಲ್‌ಮಾಲ್‌ನಿಂದ ನೆರವು ಕೊಡಿಸಿದರು. ಆ ವೃದ್ಧನಿಗೆ ಬೇಕಾಗಿದ್ದುದು ಅನ್ನ. ಪಿಯರ್ಸ್‌ನಂಥವನಿಗೆ ಬೇಕಾದುದು ಬೇರೆ: ತನ್ನನ್ನು ಮನುಷ್ಯನೆಂದು ಎಣಿಸಿ ಒಂದು ಮಾತು ಕೇಳಬೇಕು.

ಕೇಳುವ ಪದ್ಧತಿ ಅಲ್ಲಿಯೂ ಇಲ್ಲದಿಲ್ಲ. ಎಂಟು ವರ್ಷ ಆ ಕೂಟದಲ್ಲಿ ಆಡಿ, ಅದರಲ್ಲಿ ನಾಲ್ಕು ವರ್ಷ ಅದೇ ತಂಡದಲ್ಲಿದ್ದವನು, ತನ್ನ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡಬಾರದೆಂಬ ಷರತ್ತನ್ನು ಹೊಸ ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು. ತಂಡವೂ ಒಪ್ಪಬೇಕಾದುದರಿಂದ ಇದು ಬೆರಳೆಣಿಕೆಯ ಮಂದಿಗೆ ಮಾತ್ರ ಸಿಗುತ್ತದೆ. 2013ರಲ್ಲಿ ಗಾರ್ನೆಟ್‌ಗೆ ಈ ಷರತ್ತಿತ್ತು; ಅವನು ಒಪ್ಪಿದ ಮೇಲೆಯೇ ವ್ಯವಹಾರ ಮುಗಿಯಿತು. ಹದಿನೈದು ವರ್ಷ ಅಲ್ಲೇ ದುಡಿದ ಪಿಯರ್ಸ್‌ಗೆ ಇರಲಿಲ್ಲ. ನಮ್ಮಲ್ಲಿ ಐಪಿಎಲ್ ಕ್ರಿಕೆಟಿನಲ್ಲಿ ಆಟಗಾರನನ್ನು ಹೀಗೆ ವರ್ಗಾಯಿಸಲು ಅವನ ಒಪ್ಪಿಗೆ ಬೇಕು. (ಆದರೂ 2011ರಲ್ಲಿ ಬೆಂಗಳೂರು ತಂಡವು ಊರಿನ ಮಗನಾದ ರಾಹುಲ್ ದ್ರಾವಿಡ್‌ರನ್ನು ಉಳಿಸಿಕೊಳ್ಳದೆ ಹರಾಜಿಗೆ ಬಿಟ್ಟದ್ದನ್ನು, ರಾಜಸ್ಥಾನದವರು ಕೊಂಡದ್ದನ್ನು ನೀವು ಮರೆತಿರಲಿಕ್ಕಿಲ್ಲ.) ಹತ್ತು ವರ್ಷ ಒಂದೇ ತಂಡದಲ್ಲಿ ದುಡಿದವನಿಗೆ ಈ ಹಕ್ಕು ತಾನಾಗಿಯೇ ಬರಬೇಕೆಂಬುದು ನನ್ನ ಅಭಿಪ್ರಾಯ. ತಂಡಕ್ಕೆ ಇದರಿಂದ ಕೆಲವೊಮ್ಮೆ ನಷ್ಟವಾಗಬಹುದು, ಆಗಲಿ.

ಹಕೀಂ ಒಲಜುವಾನ್‌ರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನೈಜೀರಿಯದ ಲಾಗೋಸ್‌ನವರು. ರಮಝಾನ್ ಉಪವಾಸ ಹಿಡಿದುಕೊಂಡೇ ಪಂದ್ಯಗಳನ್ನು ಆಡಿ, 1995ರ ಫೆಬ್ರವರಿಯಲ್ಲಿ ತಿಂಗಳ ಶ್ರೇಷ್ಠ ಆಟಗಾರರಾದವರು. 17 ವರ್ಷ ಹ್ಯೂಸ್ಟನ್‌ಗೆ ಆಡಿ 1994 ಮತ್ತು 1995ರಲ್ಲಿ ಪ್ರಶಸ್ತಿ ತಂದುಕೊಟ್ಟರು. 2001ರಲ್ಲಿ, 38ರ ವಯಸ್ಸಿನಲ್ಲಿ, ಅವರೂ ಟೊರಾಂಟೊ ತಂಡಕ್ಕೆ ಟ್ರೇಡ್ ಆದರು. ಆದರೆ ಅಲ್ಲಿ ಅವರ ಒಪ್ಪಂದ ಮುಗಿದಿತ್ತು. ಹ್ಯೂಸ್ಟನ್ ಉಳಿಸಿಕೊಳ್ಳಲು 1 ಕೋಟಿ 30 ಲಕ್ಷ ಡಾಲರ್ ಕೊಡಲು ಮುಂದಾಗಿತ್ತು; ಬೇಡವೆಂದು ಹೊರಟವರು ಹಕೀಂ ಅವರೇ. ಟೊರಾಂಟೊದಲ್ಲಿ ಬೆನ್ನುನೋವಿನಿಂದ ಒಂದೇ ವರ್ಷ ಆಡಿದರು, ಹಳೆಯ ಆಟದ ನೆರಳಷ್ಟೇ ಉಳಿದಿತ್ತು. 2002ರ ನವೆಂಬರಿನಲ್ಲಿ ಹ್ಯೂಸ್ಟನ್ ಅವರನ್ನು ಕರೆಸಿ, ಅವರ 34ನೆಯ ಸಂಖ್ಯೆಯ ಅಂಗಿಯನ್ನು ತನ್ನ ಅಂಗಳದಲ್ಲಿ ಮೇಲಕ್ಕೇರಿಸಿತು. ಆ ಸಂಖ್ಯೆಯನ್ನು ಅಲ್ಲಿ ಇನ್ನಾರೂ ಧರಿಸುವುದಿಲ್ಲ.