ಮೇಲಿನ ಮನೆಯ ಹೊಂಡವೂ ಕೆಳಗಿನ ಮನೆಯ ಬಾವಿಯೂ

ಒಬ್ಬನು ತನ್ನ ಕಣ್ಣಿಗೆ ಬೀಳದಂಥ ಕೇಡಿಗೂ ಉತ್ತರವಾದಿಯಾಗುವನೋ ಎಂಬ ಪ್ರಶ್ನೆಯು ಬಹು ಪುರಾತನವಾದದ್ದು. ಪಂಡಿತರು ಇದನ್ನು ದೊಡ್ಡ ದೊಡ್ಡ ವಿಷಯಗಳಲ್ಲಿಟ್ಟು ವಿಚಾರಿಸುವದುಂಟು. ನಾವಾದರೋ ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿಹೋಗುವ ಒಂದು ಸ್ಥಳದಲ್ಲಿಟ್ಟು ಇದನ್ನು ನೋಡುವ. ಅದು ಯಾವದೆಂದರೆ, ಗುಡ್ಡದ ಇಳಿಜಾರಿನಲ್ಲಿರುವ ಮನೆಯ ಹಿಂದೆ ಹೂಳಿರುವ ಸೆಪ್ಟಿಕ್ ಟ್ಯಾಂಕು.

ಬಯಲುಸೀಮೆಯಲ್ಲಿ ಇಂಥ ಹೊಂಡ ಕೆಟ್ಟರೆ ಅದರ ದುರ್ಗಂಧವು ಮೊದಲು ಹೊಂಡದ ಯಜಮಾನನ ಅಂಗಳದಲ್ಲಿಯೇ ಏಳುವದು. ತಪ್ಪು ಮಾಡಿದವನೇ ಮೊದಲು ಕಷ್ಟಪಡುವದರಿಂದ ಅವನು ಬೇಗನೇ ಎಚ್ಚರಗೊಳ್ಳುವನು. ಗುಡ್ಡದಲ್ಲಿ ಹಾಗಲ್ಲ. ಸೋರಿದ್ದೆಲ್ಲಾ ಇಳಿಜಾರು ಹಿಡಿದು ಕೆಳಗೆ ಹೋಗುವದು. ಮೇಲಿನ ಮನೆಯಲ್ಲಿ ವಾಸನೆಯಿಲ್ಲ, ಕಟ್ಟುವದಿಲ್ಲ, ಉಕ್ಕುವದಿಲ್ಲ. ಯಜಮಾನನು ತನ್ನ ಹೊಂಡ ಇಪ್ಪತ್ತು ವರುಷಗಳಿಂದ ಒಮ್ಮೆಯೂ ತುಂಬಲಿಲ್ಲವೆಂದು ಹೆಮ್ಮೆಪಡುವನು. ತುಂಬದ ಹೊಂಡವು ಒಳ್ಳೇ ಹೊಂಡವಲ್ಲ, ಸೋರುವ ಹೊಂಡ. ಅದು ಎಲ್ಲಿಗೆ ಬರಿದಾಗುತ್ತದೆಂಬದನ್ನು ಕೆಳಗಿನ ಮನೆಯ ಬಾವಿಯು ತಿಳಿದಿರುವದು.

ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಮನೆ ಕಟ್ಟುವ ರೀತಿಯನ್ನು ನೋಡಿರಿ. ಗುಡ್ಡದ ಮೈಯನ್ನು ಕಡಿದು, ಆ ಮಣ್ಣನ್ನು ಕೆಳಬದಿಗೆ ತುಂಬಿ, ಸಮತಟ್ಟು ಮಾಡಿಕೊಳ್ಳುವರು. ಕಡಿದ ಗೋಡೆಯನ್ನು ಮಲೆನಾಡಿನವರು ಧರೆಯೆಂದೂ ಕೊಡಗಿನವರು ಬರೆಯೆಂದೂ ಕರೆಯುವರು. ಮನೆಯು ಗಟ್ಟಿನೆಲದ ಮೇಲೆ ನಿಲ್ಲುವದು. ಪಾಯಖಾನೆಯ ಟ್ಯಾಂಕಾದರೋ ಅನೇಕ ಸಾರಿ ಅಂಗಳದ ಅಂಚಿನಲ್ಲಿ, ತುಂಬಿದ ಮಣ್ಣಿನಲ್ಲಿ ಇರುವದು. ತುಂಬಿದ ಮಣ್ಣು ವರುಷಗಟ್ಟಲೆ ಕುಗ್ಗುತ್ತಾ ಬರುವದು. ಟ್ಯಾಂಕಿನ ಒಂದು ಮೂಲೆ ತಗ್ಗಿದರೆ ಗೋಡೆ ಬಿರಿಯುವದು, ಕೊಳವೆಯ ಸಂದು ಬಿಡುವದು. ಇಂಗುಗುಂಡಿಗೆ ಬಿದ್ದ ನೀರು ನೇರವಾಗಿ ಪಾತಾಳಕ್ಕೆ ಹೋಗುವದೆಂದು ನೆನಸಬಾರದು. ಮೇಲ್ಮಣ್ಣಿನ ಕೆಳಗೆ ಬಂಡೆಯೋ ಗಟ್ಟಿ ಜೇಡಿಯೋ ಸಿಕ್ಕಿದ ಕೂಡಲೇ ಅದು ಅಡ್ಡಹಿಡಿದು ಹರಿದು, ಎಲ್ಲಿಯೋ ಕೆಳಗೆ ಒರತೆಯಾಗಿ ಹೊರಡುವದು. ಮಣ್ಣು ನೀರನ್ನು ಶುದ್ಧಮಾಡುತ್ತದೆಂಬದು ನಿಜವೇ. ಆದರೆ ಅದಕ್ಕೆ ಸಮಯ ಬೇಕು, ಮಣ್ಣಿನೊಳಗೆ ಗಾಳಿಯೂ ಬೇಕು. ಆಷಾಢ ಶ್ರಾವಣದ ಮಳೆಯಲ್ಲಿ ನೆಲವೆಲ್ಲಾ ನೀರು ಕುಡಿದು ನಿಂತಿರುವಾಗ ಆ ಎರಡೂ ದೊರಕುವದಿಲ್ಲ. ವಿಷಮಶೀತಜ್ವರವೂ ವಾಂತಿಭೇದಿಯೂ ಕಾಮಾಲೆಯ ಕೆಲವು ಬಗೆಗಳೂ ಇದೇ ದಾರಿಯಿಂದ ಬರುವವು. ಇನ್ನೊಂದು ಸಂಗತಿಯೂ ಉಂಟು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬರೆಗಳು ಕುಸಿದು ಮನೆಗಳೂ ತೋಟಗಳೂ ಕೊಚ್ಚಿಹೋದವು. ಅದಕ್ಕೆ ಹೊಂಡಗಳು ಕಾರಣವೆಂದು ನಾವು ಹೇಳುವದಿಲ್ಲ. ಅತಿಯಾದ ಮಳೆಯಿತ್ತು, ಗುಡ್ಡ ಕಡಿದದ್ದೂ ಇತ್ತು. ಆದರೂ ನೀರು ತುಂಬಿದ ಇಳಿಜಾರಿಗೆ ದಿನಾಲೂ ಇನ್ನಷ್ಟು ನೀರನ್ನು ಕುಡಿಸುವದು ಅದರ ಬಲವನ್ನು ಕುಂದಿಸುವದೆಂಬದರಲ್ಲಿ ಸಂದೇಹವಿಲ್ಲ.

ಈಗ ಮೇಲಿನ ಮನೆಯವನು, ನನಗೆ ಇದೊಂದೂ ತಿಳಿದಿರಲಿಲ್ಲ, ತಿಳಿಯದೆ ಆದದ್ದು ಪಾಪವೋ ಎಂದು ಕೇಳುವನು. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಬಿಡಬಾರದು. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ನಿಯಮವಿರುವದು. ಎತ್ತು ಫಕ್ಕನೆ ಒಬ್ಬನನ್ನು ಹಾಯ್ದು ಕೊಂದರೆ ಯಜಮಾನನಿಗೆ ಅಪರಾಧವಿಲ್ಲ. ಅದು ಹಾಯುವ ಎತ್ತೆಂದು ಅವನಿಗೆ ಮುಂಚೆಯೇ ತಿಳಿಸಿದ್ದರೂ ಅವನು ಕಟ್ಟಿಹಾಕದಿದ್ದರೆ ಅಪರಾಧವು ಘೋರವಾದದ್ದು. ಅದೇ ಅಧ್ಯಾಯವು ಕುಣಿ ತೋಡಿ ಮುಚ್ಚದೆ ಬಿಟ್ಟವನ ಮಾತೆತ್ತುವಾಗ ಮಾತ್ರ, ಅವನಿಗೆ ತಿಳಿದಿತ್ತೋ ಎಂದು ಕೇಳುವದೇ ಇಲ್ಲ. ಅದರಲ್ಲಿ ಬಿದ್ದ ಪಶುವಿನ ಬೆಲೆಯನ್ನು ಅವನು ಕೊಡತಕ್ಕದ್ದು. ಎತ್ತಿಗೆ ತನ್ನದೇ ಆದ ಬುದ್ಧಿಯುಂಟು. ಕುಣಿಯಾದರೋ ತೋಡಿದವನ ಕೈಕೆಲಸವೇ.

ಪೂರ್ವಕಾಲದಲ್ಲಿ ತಿಳಿಯದಿದ್ದವರ ಮೇಲೆ ನಮಗೆ ಕರುಣೆ ಹುಟ್ಟಬೇಕು. 1854ರಲ್ಲಿ ಲಂಡನ್ ಪಟ್ಟಣದ ಬ್ರಾಡ್ ಬೀದಿಯ ಸುತ್ತುಮುತ್ತಲು ವಾಂತಿಭೇದಿಯಿಂದ ಆರುನೂರಕ್ಕೂ ಹೆಚ್ಚು ಜನರು ಸತ್ತರು. ಆ ಬೀದಿಯ ಬಾವಿಯೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯರು ತೋರಿಸಿದರು. ಅಲ್ಲಿಯ ಉಪದೇಶಿಗಳಾದ ಹೆನ್ರಿ ವೈಟ್‌ಹೆಡ್ ಎಂಬವರು ಮೊದಲು ಅದನ್ನು ನಂಬದೆ, ಸುಳ್ಳೆಂದು ರುಜುಪಡಿಸಬೇಕೆಂದು ಮನೆಮನೆಗೆ ಹೋಗಿ ವಿಚಾರಿಸಿದರು; ವಿಚಾರಿಸಿ ವಿಚಾರಿಸಿ ಕಡೆಗೆ ನಂಬಿದರು. ಬಾವಿಯ ಪಕ್ಕದಲ್ಲಿದ್ದ 40ನೆಯ ನಂಬರಿನ ಮನೆಯಲ್ಲಿ ಒಂದು ಹಸುಗೂಸು ಭೇದಿಯಿಂದ ಸತ್ತಿತ್ತೆಂದೂ, ಅದರ ಬಟ್ಟೆ ತೊಳೆದ ನೀರನ್ನು ತಾಯಿಯು ಮನೆಯ ಮುಂದಿನ ಹೊಂಡಕ್ಕೆ ಚೆಲ್ಲಿದ್ದಳೆಂದೂ ಅವರಿಗೆ ತಿಳಿದುಬಂತು. 1855ರಲ್ಲಿ ಆ ಹೊಂಡವನ್ನು ಅಗೆದು ಪರೀಕ್ಷಿಸಿದಾಗ ಅದರ ಇಟ್ಟಿಗೆಗಳು ಸಡಿಲಾಗಿದ್ದವು. ಬಾವಿಗೂ ಅದಕ್ಕೂ ಇದ್ದ ಅಂತರ ಮೂರು ಅಡಿಗಿಂತಲೂ ಕಡಿಮೆ. ಆ ತಾಯಿಯನ್ನು ಯಾರು ತಪ್ಪಿತಸ್ಥಳೆಂದಾರು? ರೋಗವು ನೀರಿನಲ್ಲಿ ಬರುತ್ತದೆಂದು ದೊಡ್ಡ ವೈದ್ಯರೇ ಒಪ್ಪದಿದ್ದ ಕಾಲವದು. ನಮ್ಮ ಕಾಲದಲ್ಲಾದರೋ ಶಾಲೆಯ ಮಕ್ಕಳೂ ಇದನ್ನು ಬಲ್ಲರು. ಆದದರಿಂದ ಇಂದು ತಿಳಿಯಲಿಲ್ಲವೆಂಬವನು ನಿಜವಾಗಿ ಹೇಳುವದೇನಂದರೆ, ನಾನು ನೋಡಲಿಲ್ಲ ಎಂಬದೇ. ನೋಡುವದು ಸುಲಭವಾಗಿರುವಾಗ ನೋಡದೆ ಇರುವದು ಅಜ್ಞಾನವಲ್ಲ, ಅದೊಂದು ಆಯ್ಕೆ.

ನೋಡುವದು ಸುಲಭವೋ? ಹೌದು. ಈ ಟ್ಯಾಂಕು ಮಲವನ್ನು ಇಲ್ಲದಂತೆ ಮಾಡುವ ಯಂತ್ರವಲ್ಲ. ಭಾರವಾದದ್ದು ಕೆಸರಾಗಿ ತಳಕ್ಕಿಳಿಯುವದು, ಹಗುರಾದದ್ದು ಕೆನೆಯಂತೆ ಮೇಲೆ ನಿಲ್ಲುವದು, ನಡುವಣ ನೀರು ಇಂಗುಗುಂಡಿಗೆ ಹೋಗುವದು. ಕೆಸರೂ ಕೆನೆಯೂ ಕೂಡಿ ಮೂರರಲ್ಲಿ ಒಂದು ಪಾಲಾದರೆ ತೆಗೆಸುವ ಕಾಲ ಬಂತೆಂದು ತಿಳಿಯಬೇಕು. ಸಾಧಾರಣವಾಗಿ ಎರಡು ಮೂರು ವರುಷಕ್ಕೊಮ್ಮೆ ಹಾಗಾಗುವದು. ಉದ್ದವಾದ ಕೋಲಿನ ತುದಿಗೆ ಒರಟಾದ ಬಿಳೀ ಬಟ್ಟೆ ಸುತ್ತಿ, ಮುಚ್ಚಳದ ಕಂಡಿಯಿಂದ ತಳಮುಟ್ಟ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಎತ್ತಿದರೆ, ಬಟ್ಟೆಗೆ ಕಪ್ಪು ಹತ್ತಿದಷ್ಟೇ ಕೆಸರಿನ ಎತ್ತರ. ನೀರಿನ ಮಟ್ಟವನ್ನೂ ಗಮನಿಸಿರಿ. ಅದು ಹೊರಗಣ ಕೊಳವೆಗಿಂತ ಕೆಳಗಿದ್ದರೆ ಟ್ಯಾಂಕು ಸೋರುತ್ತದೆ. ಮೇಲಿದ್ದರೆ ಮುಂದಿನ ದಾರಿ ಕಟ್ಟಿದೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಇಳಿಜಾರಿಗೆ ಇಳಿದು ಹೋಗಿ ನೋಡಿರಿ: ಸುತ್ತಲೂ ಹುಲ್ಲು ಒಣಗಿರುವಾಗ ಒಂದೇ ಕಡೆ ಸೊಂಪಾದ ಹಸುರಿದ್ದರೆ ಅದು ಭೂಮಿಯ ಕೃಪೆಯಲ್ಲ, ನಿಮ್ಮ ಹೊಂಡದ ನೀರು. ಸಂಶಯವಿದ್ದರೆ ಪಾಯಖಾನೆಗೆ ಬಣ್ಣ ಹಾಕಿ ನೀರು ಹೊಯ್ದು, ಕೆಳಗಿನ ಒರತೆಯಲ್ಲಿ ಬಣ್ಣ ಕಾಣುವದೋ ಎಂದು ಕಾಯುವ ಉಪಾಯವೂ ಉಂಟು. ಬಣ್ಣವು ಮಣ್ಣಿನಲ್ಲಿ ಹೀರಲ್ಪಟ್ಟು ಕಾಣದೆ ಹೋಗಬಹುದು, ಆದದರಿಂದ ಕಾಣದಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿರಿ. ಮೇಲಿನಿಂದ ಇಳಿಯುವ ಮಳೆನೀರು ಹೊಂಡದ ಮೇಲೆ ಬಾರದಂತೆ ಒಂದು ಕಾಲುವೆ ತೋಡುವದು ಮಳೆಗೆ ಮುಂಚೆ ಆಗಬೇಕಾದ ಕೆಲಸ.

ಇಲ್ಲಿ ಒಂದು ಮಾತನ್ನು ಬಹಳ ಗಟ್ಟಿಯಾಗಿ ಹೇಳಬೇಕು. ಪರೀಕ್ಷೆಯೆಂದರೆ ಒಬ್ಬ ಮನುಷ್ಯನನ್ನು ಒಳಗೆ ಇಳಿಸುವದಲ್ಲ. ಹೊಂಡದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಇರುವದು. ಸ್ವಲ್ಪವಿರುವಾಗ ಕೊಳೆತ ಮೊಟ್ಟೆಯಂತೆ ನಾರುವ ಅದು ಹೆಚ್ಚಿದಾಗ ಮೂಗನ್ನೇ ಮಂಕುಮಾಡಿ, ಕ್ಷಣದಲ್ಲಿ ಬೀಳಿಸುವದು. ಬೀಳುವವನನ್ನು ಎತ್ತಲು ಇಳಿದವನೂ ಅಲ್ಲಿಯೇ ಸಾಯುವನು. ಬೆಂಕಿಹತ್ತುವ ಮೀಥೇನ್ ವಾಯುವೂ ಇರುವದರಿಂದ ದೀಪವನ್ನಾಗಲಿ ಬೀಡಿಯನ್ನಾಗಲಿ ಹತ್ತಿರ ತರಬಾರದು. ನಮ್ಮ ದೇಶದಲ್ಲಿ ಈ ಕೆಲಸವನ್ನು ಕೆಲವು ಜಾತಿಗಳ ಪಾಲೆಂದು ನಿರ್ಣಯಿಸಿ ತಲೆತಲಾಂತರದಿಂದ ಅವರನ್ನು ಇಳಿಸಿದ್ದುಂಟು. 2013ರ ಕಾನೂನು ರಕ್ಷಣೆಯ ಸಾಧನಗಳಿಲ್ಲದೆ ಹಾಗೆ ಇಳಿಸುವದನ್ನು ಅಪರಾಧವೆಂದು ನಿಷೇಧಿಸಿತು. ಹೊಂಡದಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞಾಪಿಸಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೆಳಗಿನ ಮನೆಯವರ ಪ್ರಾಣವನ್ನು ಕಾಪಾಡುವ ನೆವದಿಂದ ಇನ್ನೊಬ್ಬನ ಪ್ರಾಣವನ್ನು ಒತ್ತೆಯಿಡುವದು ನೆರೆಹೊರೆಯ ಪ್ರೀತಿಯಲ್ಲ.

ನನ್ನ ನೆಲ, ನನ್ನ ಹೊಂಡ, ನೋಡುವದಕ್ಕೆ ನೀನಾರು ಎಂಬ ಸಿಟ್ಟು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಐರ್ಲೆಂಡ್ ದೇಶದಲ್ಲಿ 2012ರ ಕಾನೂನಿನಂತೆ ಮನೆಗಳ ಸೆಪ್ಟಿಕ್ ಟ್ಯಾಂಕುಗಳನ್ನು ದಾಖಲೆಮಾಡಿ ಪರೀಕ್ಷಿಸಲು ತೊಡಗಿದಾಗ ಹಳ್ಳಿಯವರು ಬಹಳ ಗೊಣಗಿದರು. ಅವರ ಗೊಣಗಾಟದಲ್ಲಿ ಒಂದು ನ್ಯಾಯವಿತ್ತೆಂದು ನಮ್ಮ ಅಭಿಪ್ರಾಯ: ದೋಷ ಕಂಡುಹಿಡಿಯುವವನು ಬೇಗ ಬರುವನು, ಸರಿಪಡಿಸುವ ಹಣ ಬೇಗ ಬರುವದಿಲ್ಲ.

ಕೂಲಿಯಿಂದ ಮಕ್ಕಳನ್ನು ಸಾಕುವ ವಿಧವೆಯೊಬ್ಬಳ ಮನೆಯು ಎಲ್ಲಕ್ಕಿಂತ ಮೇಲಿದ್ದರೆ ಏನು ಹೇಳುವದು? ನೋಡುವ ಹಂಗು ಅವಳಿಗೂ ಉಂಟು. ಕೋಲಿಗೂ ಚಿಂದಿಬಟ್ಟೆಗೂ ಹಣ ಬೇಕಾಗುವದಿಲ್ಲ. ತೆಗೆಸುವ ಖರ್ಚನ್ನಾದರೋ ಅವಳೊಬ್ಬಳ ಮೇಲೆ ಹೊರಿಸುವದು ನ್ಯಾಯವಲ್ಲ. ಆ ನೀರನ್ನು ಕುಡಿಯುವ ಕೆಳಗಿನವರು ಪಾಲು ಹಾಕಿದರೆ, ಅವರು ದಾನ ಮಾಡುವದಿಲ್ಲ, ತಮ್ಮ ಬಾವಿಗಾಗಿಯೇ ಕೊಡುವರು. ಹೀರುವ ಗಾಡಿಯು ಒಮ್ಮೆ ಗುಡ್ಡ ಹತ್ತಿದಾಗ ನಾಲ್ಕೈದು ಮನೆಗಳವರು ಕೂಡಿಕೊಂಡರೆ ಬಾಡಿಗೆಯೂ ಹಗುರಾಗುವದು. ಗಾಡಿ ನಿಲ್ಲುವ ರಸ್ತೆಯು ಹೊಂಡಕ್ಕಿಂತ ಎಷ್ಟು ಎತ್ತರದಲ್ಲಿದೆಯೆಂದು ಮುಂಚಿತವಾಗಿ ಅಳೆದುಕೊಳ್ಳಿರಿ. ಹೀರುವಿಕೆಯಿಂದ ನೀರನ್ನು ಹತ್ತು ಮೀಟರಿಗಿಂತ ಮೇಲಕ್ಕೆ ಎಳೆಯುವದು ವಾಯುವಿನ ಭಾರದ ನಿಯಮದಂತೆ ಸಾಧ್ಯವಿಲ್ಲ, ಕೆಸರಾದರೆ ಇನ್ನೂ ಕಡಿಮೆ. ಮತ್ತು ಬಾಡಿಗೆ ಮಾತಾಡುವ ಮುಂಚೆಯೇ, ಹೀರಿದ್ದನ್ನು ಎಲ್ಲಿ ಸುರಿಯುವಿ ಎಂದು ಗಾಡಿಯವನನ್ನು ಕೇಳಿರಿ. ಮುಂದಿನ ತಿರುವಿನಲ್ಲಿ ತೋಡಿಗೆ ಬಿಡುವವನಾದರೆ ಅವನನ್ನು ಕರೆಯಬೇಡಿರಿ. ಆ ತೋಡಿನ ಕೆಳಗೂ ಮನೆಗಳಿರುವವು.