ಕ್ಯಾಮೆರಾ ದಾಟಿದ ಮೇಲೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆಲ್ಲ ಇದು ಗೊತ್ತು. ಮೊಬೈಲಿನ ಮ್ಯಾಪು ಮುಂದೆ ಕ್ಯಾಮೆರಾ ಇದೆ ಎನ್ನುತ್ತದೆ. ಬಲಗಡೆಯ ಲೇನಿನಲ್ಲಿ ನುಗ್ಗುತ್ತಿದ್ದ ಕಾರುಗಳ ಬ್ರೇಕ್ ಲೈಟು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತವೆ, 120ರಲ್ಲಿದ್ದ ಮುಳ್ಳು 95ಕ್ಕೆ ಇಳಿಯುತ್ತದೆ. ಕಂಬ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ 120. ಇಷ್ಟನ್ನೇ ನೋಡಿದವರು ಕ್ಯಾಮೆರಾದಿಂದ, ದಂಡದಿಂದ ಜನ ಬದಲಾಗುವುದಿಲ್ಲ ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಆ ಮೇ ತಿಂಗಳೊಂದರಲ್ಲೇ 29 ಜನ ಸತ್ತರು, ಜೂನ್‌ನಲ್ಲಿ 28. ಜುಲೈಯಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು ರಸ್ತೆಗಿಳಿದರು. ಆ ತಿಂಗಳ ಸಾವು 8. ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಇಲ್ಲಿ ನಿರ್ಬಂಧ ಬಂದದ್ದು ಅದಾದ ಮೇಲೆ, ಆಗಸ್ಟ್ 1ರಿಂದ. ಒಂದೇ ತಿಂಗಳಲ್ಲಿ ಜನರ ಸ್ವಭಾವ ಬದಲಾಗಿರಲಿಕ್ಕಿಲ್ಲ. ಸಿಕ್ಕಿಬೀಳುತ್ತೇವೆ ಎಂಬ ಖಾತ್ರಿ ಬಂದಿತ್ತು, ಅಷ್ಟೇ. ಅಷ್ಟಕ್ಕೇ ಎಷ್ಟೋ ಮನೆಗಳ ದೀಪ ಉಳಿಯಿತು.

ಈ ಅವಸರದಿಂದ ಸಿಗುವುದಾದರೂ ಏನು? ಇಡೀ 118 ಕಿಲೋಮೀಟರನ್ನು 100ರ ಮಿತಿಯ ಬದಲು 120ರಲ್ಲೇ ಓಡಿಸಿದರೂ ಉಳಿಯುವುದು 12 ನಿಮಿಷ. ಅದೇ ವೇಗದಲ್ಲಿ ಗಾಡಿ ಡಿಕ್ಕಿ ಹೊಡೆದರೆ ಹೊಡೆತದ ಶಕ್ತಿ ಶೇ 44ರಷ್ಟು ಹೆಚ್ಚು.

ಖಾತ್ರಿಯೇ ಮುಖ್ಯ ಎಂದಾದರೆ, ಅದನ್ನು ನಾವೇ ಕೈಯಾರೆ ಹಾಳು ಮಾಡುತ್ತಿದ್ದೇವೆ. ಅತಿವೇಗಕ್ಕೆ ಕಾರಿಗೆ ದಂಡ 1,000 ರೂಪಾಯಿ. ದಂಡ ಬಿದ್ದಿರುವುದು ಎಷ್ಟೋ ಜನರಿಗೆ ಗೊತ್ತಾಗುವುದೇ ತಿಂಗಳುಗಳ ನಂತರ, ಯಾವುದೋ ಸಿಗ್ನಲ್‌ನಲ್ಲಿ ಪೊಲೀಸರು ನಿಲ್ಲಿಸಿ ಗಾಡಿ ನಂಬರು ಹಾಕಿ ನೋಡಿದಾಗ. ತಪ್ಪಿಗೂ ಶಿಕ್ಷೆಗೂ ಅಷ್ಟು ಅಂತರವಿದ್ದರೆ ಯಾವ ತಿರುವಿನಲ್ಲಿ, ಯಾವ ದಿನ ಓಡಿಸಿದ್ದು ಎಂಬುದೂ ನೆನಪಿರುವುದಿಲ್ಲ. ಇದರ ಮೇಲೆ ಅರ್ಧ ದಂಡದ ರಿಯಾಯಿತಿ ಬೇರೆ. 2023ರ ಫೆಬ್ರುವರಿಯಲ್ಲಿ ಕೊಟ್ಟರು, ಆಮೇಲೂ ಕೊಟ್ಟರು, 2025ರ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಬೊಕ್ಕಸಕ್ಕೆ ಕೋಟಿಗಟ್ಟಲೆ ಬಂತು, ಬಾಕಿ ಕರಗಿತು, ನಿಜ. ಆದರೆ ಬಂದ ದಿನವೇ ಪೂರ್ತಿ ದಂಡ ಕಟ್ಟಿದವನಿಗೆ ಏನು ಹೇಳೋಣ? ಉಳಿದವರು ಮುಂದಿನ ರಿಯಾಯಿತಿಗೆ ಕಾಯುವುದನ್ನು ಕಲಿತರು.

ಇದೇ ಹೆದ್ದಾರಿಗೆ 2025ರಲ್ಲಿ ಬಂದ ಸರಾಸರಿ ವೇಗ ಅಳೆಯುವ ವ್ಯವಸ್ಥೆಯ ಮೇಲೆ ನನಗೆ ನಂಬಿಕೆಯಿದೆ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ತಲುಪಲು ಹಿಡಿದ ಸಮಯದ ಮೇಲೆ ಅದು ವೇಗ ಲೆಕ್ಕ ಹಾಕುತ್ತದೆ. ಕಂಬದ ಹತ್ತಿರ ಬ್ರೇಕ್ ಒತ್ತಿದರೆ ಏನೂ ಪ್ರಯೋಜನವಿಲ್ಲ. ನಡುವಿನ ದಾರಿಯುದ್ದಕ್ಕೂ ಮಿತಿಯಲ್ಲಿ ಇರಲೇಬೇಕು. ಬಿಡದಿಯಿಂದ ಮಂಡ್ಯದವರೆಗೆ ರಸ್ತೆ ಪಕ್ಕದ ಹಳ್ಳಿಗಳವರಿಗೆ ಬೇಕಿರುವುದೂ ಇದೇ.

ಸರ್ಕಾರ ಈ ವ್ಯವಸ್ಥೆಯನ್ನು ಉಳಿದ ಹೆದ್ದಾರಿಗಳಿಗೂ ತರಲಿ. ದಂಡದ ಸಂದೇಶ ಅಂದೇ ಮೊಬೈಲಿಗೆ ಬರಲಿ. ದಂಡ ಹೆಚ್ಚಿಸುವುದು ಬೇಡ, ಇರುವ ಸಾವಿರ ರೂಪಾಯಿಯನ್ನು ತಪ್ಪದೆ ವಸೂಲಿ ಮಾಡಿದರೆ ಸಾಕು. ಅರ್ಧ ದರದ ರಿಯಾಯಿತಿಯನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ಘೋಷಿಸಬೇಡಿ.