ಶತ್ರುವನ್ನು ತೋರಿಸದ ಸಿನಿಮಾ

‘ಶತ್ರು ಯಾರು ಅಂತ ತೋರಿಸದ ಸಿನಿಮಾ ಶತ್ರುವಿನ ಕಡೆಯದೇ.’ ದೊಡ್ಡಬಳ್ಳಾಪುರದಲ್ಲಿ ‘ತಿಥಿ’ ನೋಡಿ ಹೊರಗೆ ಬಂದಾಗ, ರೈತ ಹೋರಾಟದಲ್ಲಿ ವರ್ಷಗಟ್ಟಲೆ ದುಡಿದ ಗೆಳೆಯನೊಬ್ಬ ಹೀಗೆಂದ. ಬಡವ ಬಲ್ಲಿದರ ತಿಕ್ಕಾಟವನ್ನು ಸೂಕ್ಷ್ಮವಾಗಿ ಹೇಳುವುದು ಹೊಟ್ಟೆ ತುಂಬಿದವರ ಚಟ, ಹಸಿದವನಿಗೆ ಬೇಕಿರುವುದು ಬೆರಳು ಮಾಡಿ ತೋರಿಸುವ ಸಿನಿಮಾ ಎಂಬುದು ಅವನ ವಾದ. ಆ ಮಾತು ನನ್ನನ್ನು ಕೆರಳಿಸಿತು. ಈಗಲೂ ಕೆರಳಿಸುತ್ತದೆ. ಹೇಳದೆ ಹೇಳುವುದೇ ಶ್ರೇಷ್ಠ ಎನ್ನುವ ನಮ್ಮ ಧ್ವನಿ ಮೀಮಾಂಸೆಯನ್ನೋ, ಪ್ರತಿ ದೃಶ್ಯದಲ್ಲೂ ಉತ್ಪಾದನಾ ಸಂಬಂಧ ಹುಡುಕುವ ಸಿನಿಮಾ ವಿಮರ್ಶೆಯನ್ನೋ ಕರೆತಂದು ಅವನಿಗೆ ಉತ್ತರ ಕೊಡಬಹುದು. ಅವೆರಡೂ ನನಗೆ ಇಲ್ಲಿ ಬೇಡ. ನನಗೆ ಗೊತ್ತಿರುವುದು ಮಗ್ಗದ ಮನೆ.

ನಮ್ಮಪ್ಪ ಕೂಲಿ ನೇಕಾರರು. ಶನಿವಾರ ಬಟವಾಡೆ. ನೇಯ್ದ ಸೀರೆಗಳನ್ನು ಹೆಗಲಿಗೇರಿಸಿ ಮಾಲೀಕರ ಮನೆಗೆ ಹೊರಟರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಮಾಲೀಕರು ನಮಗೆ ದೂರದ ನೆಂಟರು. ಅಪ್ಪ ಅವರನ್ನು ‘ಮಾವ’ ಎನ್ನುತ್ತಿದ್ದರು, ಅವರು ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಸೆರಗಿನಿಂದ ಶುರುಮಾಡಿ ಗೇಣು ಗೇಣಾಗಿ ಸರಿಸುತ್ತಾ ಹೋಗುವರು. ಎಳೆ ಕಡಿದ ಜಾಗ ಸಿಕ್ಕರೆ ಬೈಯುತ್ತಿರಲಿಲ್ಲ. ಅಲ್ಲಿ ಹೆಬ್ಬೆರಳಿಟ್ಟು ಒಂದು ಗಳಿಗೆ ಸುಮ್ಮನಾಗುವರು, ಆಮೇಲೆ ಸೀರೆ ಮಡಿಸಿ ಎಡಕ್ಕೆ ಇಡುವರು. ಎಡಕ್ಕೆ ಹೋದ ಸೀರೆಗೆ ಕೂಲಿ ಕಡಿತ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕಾಫಿ ತರುವರು. ನನ್ನ ಶಾಲೆಯ ಫೀಸು ಕಟ್ಟಿದ್ದೂ ಇದೇ ಮಾವ. ನಾನು ಕಂಡ ವರ್ಗ ಸಂಘರ್ಷ ಆ ಹೆಬ್ಬೆರಳಿನದು. ಇದನ್ನು ಸಿನಿಮಾ ಮಾಡುವವರು ಮಾವನಿಗೆ ಗಿರಿಜಾ ಮೀಸೆ ಅಂಟಿಸಿ ಕೈಗೆ ಚಾವಟಿ ಕೊಟ್ಟಿದ್ದರೆ ನಮ್ಮಪ್ಪನಿಗೆ ಅದು ತನ್ನ ಕಥೆ ಅನ್ನಿಸುತ್ತಲೇ ಇರಲಿಲ್ಲ.

ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ವಾಸುದೇವರಾಯರ ಚೋಮನಿಗೆ ಬೇಕಿರುವುದು ಸಾಗುವಳಿಗೊಂದು ತುಂಡು ನೆಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಮನಸ್ಸು ಕರಗುವವನು. ತಾಯಿ ಬೇಡವೆಂದಾಗ, ಹೊಲೆಯನಿಗೆ ನೆಲ ಕೊಡುವ ರೂಢಿ ಇಲ್ಲವೆಂದಾಗ ಹಿಂದೆ ಸರಿಯುತ್ತಾನೆ. ಅವನ ಒಳ್ಳೆಯತನದಿಂದ ಚೋಮನ ಪಾಲಿಗೆ ಒಂದಂಗುಲ ನೆಲವೂ ಬರುವುದಿಲ್ಲ. ಕ್ರೂರಿ ಧಣಿಯನ್ನು ತೋರಿಸಿದ್ದರೆ, ಧಣಿಯೊಬ್ಬ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ನಾವು ಎದ್ದು ಬರುತ್ತಿದ್ದೆವು. ಜಾತಿಯೂ ಜಮೀನೂ ಹೇಗೆ ಒಂದನ್ನೊಂದು ಕಾಯುತ್ತವೆ ಎಂಬುದು ಆಗ ಕಾಣುತ್ತಲೇ ಇರಲಿಲ್ಲ.

ಇದನ್ನೆಲ್ಲ ಹೇಳಿದಾಗ ಗೆಳೆಯ ಕೇಳಿದ: ‘ನಿಮ್ಮಪ್ಪ ಆ ಎಡಗಡೆ ಸೀರೆ ಬಗ್ಗೆ ಒಂದು ದಿನವಾದರೂ ಬಾಯಿ ಬಿಟ್ಟರಾ?’ ಬಿಡಲಿಲ್ಲ. ಕಾಫಿ ಕುಡಿದ ಮನೆಯಲ್ಲಿ, ಮಗನ ಫೀಸು ಕಟ್ಟಿದವರ ಎದುರು ಹೇಗೆ ಬಿಟ್ಟಾರು? ಒಳ್ಳೆಯ ಧಣಿಯ ಕಥೆ ನೋಡುವವರ ಬಾಯಿಯನ್ನೂ ಹಾಗೆಯೇ ಕಟ್ಟಬಲ್ಲದು, ಇದನ್ನು ಒಪ್ಪದೆ ಗತಿಯಿಲ್ಲ. 1971ರ ‘ಕಸ್ತೂರಿ ನಿವಾಸ’ವನ್ನೇ ನೋಡಿ. ರಾಜ್‌ಕುಮಾರ್ ಬೆಂಕಿಪೊಟ್ಟಣದ ಕಾರ್ಖಾನೆಯ ಉದಾರಿ ಮಾಲೀಕ. ಕೈಕೆಳಗಿದ್ದವನು ಪ್ರತಿಸ್ಪರ್ಧಿಯಾಗಿ ಬೆಳೆಯುತ್ತಾನೆ, ಮಾಲೀಕ ಎಲ್ಲವನ್ನೂ ಕಳೆದುಕೊಂಡ ಮೇಲೂ ಕೊಡುವುದನ್ನು ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಅವನಿಗಾಗಿ ಅಳದವರಿಲ್ಲ. ಕಡ್ಡಿಗೆ ಮದ್ದು ಹಚ್ಚಿದವರ ಬಟವಾಡೆ ಏನಾಯಿತು ಎಂದು ಮಗ್ಗದ ಮನೆಯವರಾದ ನಾವೂ ಕೇಳಲಿಲ್ಲ. ಮೆಲುದನಿಯಲ್ಲಿ ಹೇಳಿದರಷ್ಟೇ ಸಾಲದು, ಕ್ಯಾಮೆರಾ ಯಾರ ಮನೆಯ ಹಜಾರದಲ್ಲಿ ನಿಂತಿದೆ ಎಂಬುದನ್ನೂ ನೋಡಬೇಕು.

ಹಾಗಾದರೆ ಬೆರಳು ಮಾಡುವ ಸಿನಿಮಾ? 2023ರ ಕೊನೆಗೆ ಬಂದ ‘ಕಾಟೇರ’ 1970ರ ದಶಕದ ಜಮೀನ್ದಾರರೆದುರು ಗೇಣಿದಾರರನ್ನು ನಿಲ್ಲಿಸಿತು. ದೇವರಾಜ ಅರಸರ ಕಾಲದ, ಉಳುವವನಿಗೇ ಹೊಲ ಎಂದ 1974ರ ಕಾನೂನಿಗೆ ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ಕನ್ನಡದ ಯಾವ ಸೂಕ್ಷ್ಮ ಸಿನಿಮಾದ ಕೈಲೂ ಆಗದ ಕೆಲಸ ಅದು, ಗೆಳೆಯನಿಗೆ ಇಷ್ಟನ್ನು ಬಿಟ್ಟುಕೊಡುತ್ತೇನೆ. ಆದರೆ 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಲಾಯಿತು. ನನ್ನ ಪಕ್ಕದ ಸೀಟಿನಲ್ಲಿ ಶಿಳ್ಳೆ ಹೊಡೆದವರು ನೆಲಮಂಗಲದ ಕಡೆ ಹೊಲ ಕೊಂಡು ಸೈಟು ಮಾಡಿ ಮಾರುವವರು. ಪರದೆಯ ಮೇಲಿನ ಜಮೀನ್ದಾರ ಹೋಗಿ ಐವತ್ತು ವರ್ಷವಾಯಿತು. ಅವನತ್ತ ಬೆರಳು ಮಾಡಿದರೆ ಇವತ್ತು ಯಾರಿಗೂ ನೋಯುವುದಿಲ್ಲ.

‘ತಿಥಿ’ ನೋಯಿಸುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಈ ಚಿತ್ರಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿ ಬಂತು. ಜಮೀನು ಮಾರುವ ಆತುರಕ್ಕೆ ತಮ್ಮಣ್ಣ, ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿಗೆ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ನಾನು ಜೊತೆಗೆ ಕೂತು ನೋಡಿದ ಬೆಂಗಳೂರಿನ ಸ್ನೇಹಿತರು ಈ ಜಾಗದಲ್ಲಿ ಹೊಟ್ಟೆ ತುಂಬ ನಕ್ಕರು. ದೇವನಹಳ್ಳಿ ಕಡೆಯ ನನ್ನ ನೆಂಟರು ನಗಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಪಾಲಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಅವರ ಮನೆಯಲ್ಲೇ ಇದ್ದಾರೆ. ಸಹಿ ಹಾಕದ ಅಪ್ಪನನ್ನು ಅವರು ಕಂಡಿದ್ದಾರೆ, ಸಹಿ ಹಾಕಿಸಿದ ಮಗನನ್ನೂ. ನಗರಕ್ಕೆ ಸೂಕ್ಷ್ಮ ಅನ್ನಿಸಿದ್ದು ಅವರಿಗೆ ಹಗಲಿನಷ್ಟು ನಿಚ್ಚಳ. ರಿಯಲ್ ಎಸ್ಟೇಟಿನ ದುಡ್ಡು ಮಗನ ಬಾಯಲ್ಲಿ ಮಾತಾಡುವಾಗ ಯಾರನ್ನು ಶತ್ರು ಎಂದು ತೋರಿಸುವುದು?

ಇಲ್ಲಿಗೆ ವಾದ ಮುಗಿಸಬಹುದಿತ್ತು, ಆದರೆ ಅದೇ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣ ಹೋಬಳಿ ಬಿಡುವುದಿಲ್ಲ. ಅಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳಲು ಹೊರಟಾಗ ಜನ 2022ರಿಂದ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟಿದ್ದಾಗಿ ಘೋಷಿಸಿದರು. ಎದುರಾಳಿ ಯಾರೆಂದು ಸ್ಪಷ್ಟವಾಗಿ ಗೊತ್ತಿದ್ದದ್ದರಿಂದಲೇ ಅವರು ಅಷ್ಟು ಕಾಲ ಕೂರಲು ಸಾಧ್ಯವಾಯಿತು. ಗೆಳೆಯ ಆ ಪೆಂಡಾಲಿನಲ್ಲಿ ಕೂತು ಬಂದವನು. ಅವನ ಮಾತಿಗೆ ಆ ಬಿಸಿಲಿನ ಬಲವಿದೆ, ನನ್ನ ಮಾತಿಗಿಲ್ಲ.

ಆದರೂ ಭೂಮಿ ಕೊಡಲು ಸಿದ್ಧ ಎಂದ ರೈತರೂ ಅಲ್ಲಿದ್ದರು. ಇಷ್ಟವಿದ್ದವರು ಕೊಡಬಹುದು ಎಂದು ಸರ್ಕಾರವೂ ಹೇಳಿತು. ಆ ಹೊಲಗಳಲ್ಲೇ ಕಳೆ ಕಿತ್ತು, ದ್ರಾಕ್ಷಿ ಬಿಡಿಸಿ ದಿನಗೂಲಿ ಪಡೆಯುವವರಿಗೆ ಭೂಮಿ ಉಳಿದರೂ ತಮ್ಮದಲ್ಲ, ಹೋದರೆ ಪರಿಹಾರದ ಚೆಕ್ಕು ಪಹಣಿಯಲ್ಲಿ ಹೆಸರಿದ್ದವರ ಮನೆಗೆ. ಧಣಿಯನ್ನು ಒಳ್ಳೆಯವನೆಂದು ತೋರಿಸಬೇಕೋ ಕೆಟ್ಟವನೆಂದೋ ಎಂಬ ನಮ್ಮಿಬ್ಬರ ಜಗಳದಲ್ಲಿ ಇವರ ಮಾತೇ ಬರಲಿಲ್ಲ. ಇವರ ಕಥೆಗೆ ಮೆಲುದನಿ ಬೇಕೋ ಕೂಗು ಬೇಕೋ, ನಾನು ಈಗ ಖಚಿತವಾಗಿ ಹೇಳಲಾರೆ. ಈ ಕಡೆ ಸಿನಿಮಾ ಮಾಡಲು ಬರುವ ಹುಡುಗ ಹುಡುಗಿಯರಲ್ಲಿ ಒಂದು ಕೇಳಿಕೆ: ಹೊಲದ ಒಡೆಯರ ಮನೆ ಹೊಗುವ ಮುಂಚೆ ಪಹಣಿಯಲ್ಲಿ ಹೆಸರಿಲ್ಲದವರ ಮನೆಗೆ ಹೋಗಿ, ಯಾರನ್ನು ಶತ್ರು ಎನ್ನುತ್ತೀರಿ ಎಂದು ಅವರನ್ನೇ ಕೇಳಿ.